ಪರ-ವಿರೋಧ: ವ್ಯಾಕ್ಸಿನ್ ಡಿಪೋ ಬಯಲು ಸಾರ್ವಜನಿಕ ಉದ್ಯಾನವಾಗಬೇಕೇ?

ಬೆಳಗಾವಿಯ ಟಿಳಕವಾಡಿಯಲ್ಲಿರುವ ವ್ಯಾಕ್ಸಿನ್ ಡಿಪೋ ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಸ್ಥಳ. ಹಳೆಯ ಮರಗಳೂ ಹುಲ್ಲಿನ ಬಯಲೂ ಇರುವ ಅದರ ಆವರಣ ನಗರದ ನಡುವೆ ಉಳಿದಿರುವ ದೊಡ್ಡ ಹಸಿರು ಜಾಗಗಳಲ್ಲಿ ಒಂದು. ಇದನ್ನು ಸೌಕರ್ಯಗಳಿರುವ ಸಾರ್ವಜನಿಕ ಉದ್ಯಾನವಾಗಿ ರೂಪಿಸಬೇಕೇ, ಇದ್ದಂತೆಯೇ ಬಿಡಬೇಕೇ ಎಂಬ ಬಗ್ಗೆ ಇಬ್ಬರು ಇಲ್ಲಿ ಬರೆದಿದ್ದಾರೆ.

ಪರ: ಉದ್ಯಾನವೆಂದು ಘೋಷಿಸಿದರೆ ಉಳಿಯುತ್ತದೆ, ಎಲ್ಲರದೂ ಆಗುತ್ತದೆ
(ಖಾಸಬಾಗದ ಪ್ರೌಢಶಾಲಾ ಶಿಕ್ಷಕಿ)

ಬೆಳಗಾವಿಗೆ ಹೊರಗಿನಿಂದ ಬಂದವರು ಈ ಊರಿನ ಮರಗಳನ್ನು ಹೊಗಳದೆ ಹೋಗುವುದಿಲ್ಲ. ಅವರು ಕಂಡಿರುವುದು ಕ್ಯಾಂಪ್ ಪ್ರದೇಶವನ್ನು, ಟಿಳಕವಾಡಿಯನ್ನು, ಹೆಚ್ಚೆಂದರೆ ಕೋಟೆಯ ಸುತ್ತಮುತ್ತಲನ್ನು. ಶಹಾಪುರ, ಖಾಸಬಾಗ, ವಡಗಾವಿಗಳಲ್ಲಿ ನಡೆದಾಡಿದವರು ಹಾಗೆ ಹೊಗಳಲಾರರು. ನಾವು ನೇಕಾರರ ಓಣಿಯವರು. ಇಲ್ಲಿ ಮನೆಯ ಅರ್ಧ ಭಾಗದಲ್ಲಿ ಮಗ್ಗ, ಉಳಿದರ್ಧದಲ್ಲಿ ಸಂಸಾರ. ಹೊಸ್ತಿಲು ದಾಟಿದರೆ ಗಟಾರ, ಗಟಾರದಾಚೆ ಎದುರು ಮನೆಯ ಹೊಸ್ತಿಲು. ವಿದ್ಯುತ್ ಮಗ್ಗಗಳ ಸದ್ದು ನಿಂತ ದಿನವೆಂದರೆ ಓಣಿಗೆ ಕೂಲಿಯಿಲ್ಲದ ದಿನ, ಆದ್ದರಿಂದ ಆ ಸದ್ದನ್ನು ನಾವು ದೂರುವುದೂ ಇಲ್ಲ. ಆದರೆ ಸಂಜೆ ಸ್ವಲ್ಪ ಹೊತ್ತು ಅದರಿಂದ ದೂರ ಹೋಗಿ ಮರದ ಕೆಳಗೆ ಕುಳಿತು ಬರುವ ಹಕ್ಕು, ದಿನವಿಡೀ ಮಗ್ಗದ ಮುಂದೆ ನಿಂತವರಿಗೂ ಇದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕೇಂದ್ರ ಸರ್ಕಾರ 2014ರಲ್ಲಿ ಹೊರಡಿಸಿದ ನಗರ ಯೋಜನಾ ಮಾರ್ಗಸೂಚಿಯ ಪ್ರಕಾರ ನಗರದಲ್ಲಿ ತಲಾ 10ರಿಂದ 12 ಚದರ ಮೀಟರ್ ಬಯಲು ಜಾಗವಿರಬೇಕು. 2011ರ ಜನಗಣತಿಯಲ್ಲಿಯೇ ಬೆಳಗಾವಿ ನಗರದ ಜನಸಂಖ್ಯೆ ಸುಮಾರು 4.88 ಲಕ್ಷವಿತ್ತು. ತಲೆಗೆ 10 ಚದರ ಮೀಟರಿನಂತೆ ಲೆಕ್ಕ ಹಾಕಿದರೂ ಸುಮಾರು 1,200 ಎಕರೆ ಬೇಕು. ಹಳೆಯ ಪೇಟೆಗಳಲ್ಲಿ ಮನೆಗಳನ್ನು ಒಡೆದು ಅಷ್ಟು ಜಾಗವನ್ನು ಹೊರತೆಗೆಯಲು ಯಾರಿಂದಲೂ ಆಗದು. ಹಾಗಾದರೆ ಸರ್ಕಾರದ ಕೈಯಲ್ಲಿ ಈಗಾಗಲೇ ಇರುವ, ಮರ ಬೆಳೆದು ನಿಂತಿರುವ ಜಾಗವನ್ನು ಜನರಿಗೆ ಸರಿಯಾಗಿ ತೆರೆದುಕೊಡುವುದೊಂದೇ ದಾರಿ.

ವ್ಯಾಕ್ಸಿನ್ ಡಿಪೋ ಈಗಲೂ ತೆರೆದೇ ಇದೆಯಲ್ಲ, ಬೆಳಿಗ್ಗೆ ನೂರಾರು ಜನ ನಡೆದಾಡುತ್ತಾರಲ್ಲ ಎಂದು ಕೆಲವರು ಕೇಳುತ್ತಾರೆ. ಬೆಳಗಿನ ಹೊತ್ತು ಬೂಟು ಹಾಕಿಕೊಂಡು ಬಿರುಸಾಗಿ ನಾಲ್ಕು ಸುತ್ತು ಹೊಡೆದು, ಹತ್ತಿರದಲ್ಲಿಯೇ ಇರುವ ಮನೆಗೆ ಮರಳುವವರಿಗೆ ಬಯಲು ಸಾಕು. ಉಳಿದವರಿಗೆ ಏಕೆ ಸಾಲದು ಎಂಬುದನ್ನು ನನಗೆ ಕಲಿಸಿದವಳು ನನ್ನ ಅವ್ವ.

ಅವ್ವನಿಗೆ ಸಕ್ಕರೆ ಕಾಯಿಲೆ ಬಂದಾಗ ದಿನವೂ ನಡೆಯಬೇಕೆಂದು ವೈದ್ಯರು ಹೇಳಿದರು. ಓಣಿಯಲ್ಲಿ ನಡೆದರೆ ಮೈಮೇಲೆ ಬರುವ ಬೈಕುಗಳು, ಮಾಳಿಗೆಯ ಮೇಲೆ ಸುತ್ತು ಹಾಕಿದರೆ ತಲೆ ತಿರುಗುತ್ತದೆ ಎನ್ನುತ್ತಿದ್ದಳು. ಒಂದು ಭಾನುವಾರ ಆಟೋ ಮಾಡಿಕೊಂಡು ನಗರದ ಮರಗಳಿರುವ ಬಯಲೊಂದಕ್ಕೆ ಅವಳನ್ನು ಕರೆದುಕೊಂಡು ಹೋದೆ. ಅದರ ಹೆಸರು ಇಲ್ಲಿ ಬೇಡ. ಚಪ್ಪಲಿ ಕೈಯಲ್ಲಿ ಹಿಡಿದು, ಒಣ ಎಲೆಗಳನ್ನು ಕಾಲಿನಿಂದ ಸರಿಸುತ್ತ, ಬರಿಗಾಲಿನಲ್ಲಿ ಹುಲ್ಲಿನ ಮೇಲೆ ನಡೆದಳು. "ಇಷ್ಟ ದೊಡ್ಡ ಜಾಗಾ ಊರಾಗ ಐತಂತ ನನಗ ಗೊತ್ತ ಇರಲಿಲ್ಲ ನೋಡ" ಎಂದಳು. ಸ್ವಲ್ಪ ಹೊತ್ತಿಗೆ ಮೊಣಕಾಲು ನೋಯತೊಡಗಿತು. ಕೂರಲು ಒಂದು ಬೆಂಚಿರಲಿಲ್ಲ. ಬೇರಿನ ಮೇಲೆ ಕುಳಿತಳು. ಏಳಲಾಗದಿದ್ದಾಗ ಕ್ರಿಕೆಟ್ ಆಡುತ್ತಿದ್ದ ಹುಡುಗರಿಬ್ಬರು ಬಂದು ತೋಳು ಹಿಡಿದು ಎಬ್ಬಿಸಿದರು. ಆಮೇಲೆ ಅವಳಿಗೆ ಶೌಚಕ್ಕೆ ಹೋಗಬೇಕಾಯಿತು. ಸಕ್ಕರೆ ಕಾಯಿಲೆಯವರಿಗೆ ಇದು ತಡೆದುಕೊಳ್ಳುವ ಮಾತಲ್ಲ. ಕಣ್ಣಿಗೆ ಕಾಣುವಷ್ಟು ದೂರ ಒಂದು ಶೌಚಾಲಯವಿಲ್ಲದ ಕಾರಣ ರಸ್ತೆಯಾಚೆಯ ಮನೆಯೊಂದರ ಬಾಗಿಲು ತಟ್ಟಿದೆ. "ಒಳಗ ಬರ್ರಿ, ಅದಕ್ಯಾಕ ಸಂಕೋಚ" ಎಂದು ಆ ಮನೆಯ ಹೆಣ್ಣುಮಗಳು ಪ್ರೀತಿಯಿಂದಲೇ ಕರೆದರು, ಕುಡಿಯಲು ನೀರನ್ನೂ ಕೊಟ್ಟರು. ಆದರೂ ಅವ್ವ ಮರಳಿ ಬರುವಾಗ ಆಟೋದಲ್ಲಿ ಮಾತಾಡಲಿಲ್ಲ. ಮುಂದಿನ ವಾರ ಎಷ್ಟು ಕರೆದರೂ ಹೊರಡಲಿಲ್ಲ. "ಮಂದಿ ಮನಿ ಬಾಗಲಾ ಬಡದು ಕೇಳೂದು ಬ್ಯಾಡವಾ" ಎಂದುಬಿಟ್ಟಳು.

ಬೆಂಚು, ಶೌಚಾಲಯ, ಕುಡಿಯುವ ನೀರು, ಸಂಜೆಗೆ ದೀಪ, ಬಾಗಿಲಲ್ಲಿ ಒಬ್ಬ ಕಾವಲುಗಾರ: ಇವೆಲ್ಲ ಶೋಕಿಯ ವಸ್ತುಗಳೆಂದು ಹೇಳುವವರು ಯಾರೆಂದು ವಿಚಾರಿಸಿ ನೋಡಿದರೆ, ಸಾಮಾನ್ಯವಾಗಿ ಮನೆಯ ಹಿಂದೆ ಹಿತ್ತಿಲಿರುವವರೇ ಆಗಿರುತ್ತಾರೆ. ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಕಾರಿನಲ್ಲಿ ಬಂದು ಹಕ್ಕಿಗಳ ಚಿತ್ರ ತೆಗೆದುಕೊಂಡು ಹೋಗುವವರಿಗೆ ಬಯಲು ಹೀಗೆಯೇ ಇರಲಿ ಎನ್ನಿಸುವುದು ಸಹಜ. ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುವ ತಾಯಂದಿರ ಎಣಿಕೆಯನ್ನು ಅವರು ಎಂದೂ ಮಾಡಿಲ್ಲ. ಮರಗಳಿಗೆ ಧಕ್ಕೆಯಾಗುತ್ತದೆ ಎಂಬ ಅವರ ಭಯಕ್ಕೆ ಕಾನೂನಿನಲ್ಲಿಯೇ ಉತ್ತರವಿದೆ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ಮರ ಉಳಿಸಿಕೊಂಡೇ ಉದ್ಯಾನ ಮಾಡಿ ಎಂದು ಕೇಳುವವರಲ್ಲಿ ನಾನೇ ಮೊದಲಿಗಳು.

ನಿಜವಾದ ಅಪಾಯ ಬೇರೆ ಇದೆ. ಊರ ನಡುವೆ ಇರುವ ಸರ್ಕಾರಿ ಜಾಗಕ್ಕೆ ಗೊತ್ತಾದ ಉದ್ದೇಶವಿಲ್ಲದಿದ್ದರೆ, ಕಚೇರಿ ಕಟ್ಟಲು ಜಾಗ ಹುಡುಕುವ ಪ್ರತಿಯೊಂದು ಇಲಾಖೆಯ ಕಣ್ಣೂ ಅದರ ಮೇಲೆ ಬೀಳುತ್ತದೆ. ಇಂದು ಒಂದು ಮೂಲೆಯಲ್ಲಿ ಒಂದು ಕಟ್ಟಡ, ನಾಳೆ ಅದಕ್ಕೊಂದು ರಸ್ತೆ, ನಾಡಿದ್ದು ವಾಹನ ನಿಲುಗಡೆ. ಉದ್ಯಾನವೆಂದು ಘೋಷಿತವಾದ ಜಾಗದ ಕಥೆ ಹಾಗಲ್ಲ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಾಗಿದ್ದ ನಿವೇಶನವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಹಂಚಿದಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ಸಲ್ಲದು ಎಂಬ ತೀರ್ಪನ್ನು ಎತ್ತಿಹಿಡಿಯಿತು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ಲವೇ ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಆ ಜಾಗ ಕಾಗದದ ಮೇಲೆ ಉದ್ಯಾನವಾಗಿತ್ತು ಎಂಬುದೇ ಅದನ್ನು ಕಾಪಾಡಿತು. ವ್ಯಾಕ್ಸಿನ್ ಡಿಪೋಕ್ಕೂ ಆ ಕಾಗದ ಬೇಕು. "ಇದ್ದಂತೆ ಇರಲಿ" ಎನ್ನುವವರು ಬಯಲನ್ನು ಕಾಪಾಡುತ್ತಿದ್ದೇವೆಂದು ತಿಳಿದಿದ್ದಾರೆ, ಆದರೆ ಅದನ್ನು ಮುಂದಿನ ಕಟ್ಟಡಕ್ಕೆ ಕಾಯ್ದಿರಿಸುತ್ತಿದ್ದಾರೆ.

ಇನ್ನೊಂದು ಮಾತು. ಈ ಜಾಗಕ್ಕೆ ಹೇಳಲೇಬೇಕಾದ ಚರಿತ್ರೆಯಿದೆ. ಕರುಗಳ ಮೈಮೇಲೆ ಬೆಳೆಸಿ ತೆಗೆದ ಲಸಿಕೆ ಬಿಸಿಲಿಗೆ ಬೇಗ ಕೆಡುವಂಥದ್ದು. ಬೆಳಗಾವಿಯ ತಂಪು ಹವೆ ಅದಕ್ಕೆ ಒಗ್ಗುತ್ತಿತ್ತು. ಸಿಡುಬು ಜಗತ್ತಿನಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ 1980ರ ಮೇ 8ರಂದು ಸಾರಿತು. ಮನುಷ್ಯನನ್ನು ಕಾಡಿದ ಒಂದು ರೋಗ ಸಂಪೂರ್ಣ ಅಳಿದದ್ದು ಅದೊಂದೇ. ನನ್ನ ಅವ್ವನ ತೋಳಿನ ಮೇಲೆ ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕಿಸಿಕೊಂಡ ಎರಡು ಗುಂಡನೆಯ ಕಲೆಗಳಿವೆ. ನನ್ನ ಶಾಲೆಯ ಮಕ್ಕಳಿಗೆ ಆ ಕಲೆ ಏನೆಂದು ಗೊತ್ತಿಲ್ಲ, ಸಿಡುಬನ್ನು ಹೋಗಲಾಡಿಸಿದ ಕೆಲಸದಲ್ಲಿ ತಮ್ಮ ಊರಿನ ಪಾಲಿತ್ತು ಎಂಬುದೂ ಗೊತ್ತಿಲ್ಲ. ಗಾಂಧೀಜಿ ಅಧ್ಯಕ್ಷತೆ ವಹಿಸಿದ 1924ರ ಕಾಂಗ್ರೆಸ್ ಅಧಿವೇಶನದ ಸ್ಥಳವನ್ನು ಇದೇ ಟಿಳಕವಾಡಿಯಲ್ಲಿ ವೀರಸೌಧವಾಗಿ ಉಳಿಸಿಕೊಂಡಿದ್ದೇವೆ. ಅಂದು ತೋಡಿದ ಬಾವಿಯನ್ನು ಮಕ್ಕಳಿಗೆ ತೋರಿಸುತ್ತೇವೆ. ಲಸಿಕೆಯ ಕಥೆಯನ್ನು ನೆರಳಿನಲ್ಲಿ ನಿಂತು ಓದುವಂತೆ ನಾಲ್ಕು ಫಲಕಗಳಲ್ಲಿ ಬರೆದು ನಿಲ್ಲಿಸಲು ಉದ್ಯಾನಕ್ಕಿಂತ ಒಳ್ಳೆಯ ನೆಲ ಯಾವುದಿದೆ?

ಪ್ರವೇಶ ಶುಲ್ಕ ಇರಬಾರದು. ಶಹಾಪುರದ ಕಡೆಯಿಂದ ನಗರ ಸಾರಿಗೆಯ ಬಸ್ಸು ಅದರ ಬಾಗಿಲಿಗೆ ಬರಬೇಕು. ಹೆಂಗಸರ ಶೌಚಾಲಯ ಮೊದಲ ದಿನದಿಂದಲೇ ಇರಬೇಕು, ಎರಡನೆಯ ಹಂತದ ಕಾಮಗಾರಿಗೆ ಅದನ್ನು ತಳ್ಳಬಾರದು.

ವಿರೋಧ: ಮಣ್ಣನ್ನು ಮುಚ್ಚುವ ಕಾಮಗಾರಿ ಈ ಜಾಗಕ್ಕೆ ಬೇಡ
(ಹಿಂದವಾಡಿಯ ನಿವೃತ್ತ ಎಂಜಿನಿಯರ್)

ಉದ್ಯಾನವನ್ನು ವಿರೋಧಿಸಿ ಬರೆಯಬೇಕೆಂದು ನನ್ನನ್ನು ಕೇಳಲಾಗಿದೆ. ಉದ್ಯಾನಗಳ ಬಗ್ಗೆ ನನಗೆ ತಾತ್ವಿಕ ವಿರೋಧವೇನೂ ಇಲ್ಲ, ಬೇಕೆನ್ನುವವರ ಕಾರಣಗಳಲ್ಲಿ ಕೆಲವು ನನಗೂ ಒಪ್ಪಿಗೆಯೇ. ಆದರೂ ಈ ಒಂದು ಜಾಗದ ಮಟ್ಟಿಗೆ, ನಮ್ಮಲ್ಲಿ ಉದ್ಯಾನಗಳು ತಯಾರಾಗುವ ರೀತಿಯನ್ನು ಒಳಗಿನಿಂದ ಬಲ್ಲವನಾಗಿ, ಬೇಡವೆನ್ನಲು ನನ್ನ ಬಳಿ ಕಾರಣಗಳಿವೆ.

ಸರ್ಕಾರಿ ಕಾಮಗಾರಿಯ ಹಣ ಅಳತೆ ಪುಸ್ತಕದ (ಎಂ.ಬಿ.) ಮೂಲಕ ಹರಿಯುತ್ತದೆ. ಗುತ್ತಿಗೆದಾರನು ಮಾಡಿದ ಕೆಲಸವನ್ನು ಅಳೆದು ಎಂ.ಬಿ.ಯಲ್ಲಿ ಬರೆದ ಮೇಲೆಯೇ ಬಿಲ್ಲು. ಪೇವರ್ ಬ್ಲಾಕ್‌ಗೆ ಚದರ ಮೀಟರ್ ಲೆಕ್ಕವಿದೆ, ಕಂಪೌಂಡ್ ಗೋಡೆಗೆ ಉದ್ದದ ಲೆಕ್ಕ, ಕಾಂಕ್ರೀಟಿಗೆ ಘನ ಮೀಟರ್, ದೀಪದ ಕಂಬಗಳಿಗೆ ಸಂಖ್ಯೆ. ಮಣ್ಣನ್ನು ಮುಟ್ಟದೆ ಬಿಟ್ಟಿದ್ದಕ್ಕೆ, ಒಣ ಎಲೆಯನ್ನು ಗುಡಿಸದೆ ಇದ್ದದ್ದಕ್ಕೆ ದರಪಟ್ಟಿಯಲ್ಲಿ ದರವಿಲ್ಲ. ಆದ್ದರಿಂದ ಅಂದಾಜು ಪಟ್ಟಿ ತಯಾರಿಸುವವರು ಎಷ್ಟೇ ಸಜ್ಜನರಾಗಿದ್ದರೂ, ಅನುದಾನವನ್ನು ಮಾರ್ಚ್ ಒಳಗೆ ಖರ್ಚು ಮಾಡಬೇಕಾದ ಒತ್ತಡದಲ್ಲಿ ಅಳೆಯಬಹುದಾದ ಕೆಲಸಗಳೇ ಪಟ್ಟಿಯನ್ನು ತುಂಬುತ್ತವೆ. 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲಿಯೇ ಬೆಳಗಾವಿ ಇತ್ತು. ಮುಂದೆ ಆ ಯೋಜನೆಯ ಕೆಲಸ ವ್ಯಾಕ್ಸಿನ್ ಡಿಪೋಕ್ಕೆ ಬಂದಾಗ ಪರಿಸರ ಕಾರ್ಯಕರ್ತರು ವಿರೋಧಿಸಿದ್ದು ಸುಮ್ಮನೆ ಅಲ್ಲ.

ಮರವನ್ನು ಕಡಿಯದೆಯೂ ಕೊಲ್ಲಬಹುದು. ದೊಡ್ಡ ಮರದ ನೀರು ಹೀರುವ ಬೇರುಗಳಲ್ಲಿ ಬಹುಪಾಲು ನೆಲದ ಮೇಲಿನ ಒಂದೆರಡು ಅಡಿಯಲ್ಲಿಯೇ ಇರುತ್ತವೆ, ಕೊಂಬೆಗಳ ಹರವಿಗಿಂತಲೂ ಆಚೆಗೆ ಹಬ್ಬಿರುತ್ತವೆ. ಪೇವರ್ ಹಾಸಲು ಜೆಸಿಬಿಯಿಂದ ಒಂದು ಅಡಿ ಅಗೆದು, ಜಲ್ಲಿ ಸುರಿದು, ರೋಲರ್ ಓಡಿಸಿದರೆ ಆ ಬೇರುಗಳು ಕತ್ತರಿಸಿಹೋಗುತ್ತವೆ, ಉಳಿದವುಗಳಿಗೆ ಗಾಳಿ ಸಿಗುವುದಿಲ್ಲ. ಬುಡದ ಸುತ್ತ ಚೆಂದಕ್ಕೆಂದು ಕಟ್ಟುವ ಸಿಮೆಂಟ್ ಕಟ್ಟೆಯೂ ಅಷ್ಟೇ ಹಾನಿಕರ. ಮರ ಆ ವರ್ಷ ಹಸಿರಾಗಿಯೇ ಇರುತ್ತದೆ. ಕೆಲವು ವರ್ಷಗಳ ಮೇಲೆ ತುದಿಯಿಂದ ಒಣಗುತ್ತ ಬಂದು ಒಂದು ಮಳೆಗಾಲದಲ್ಲಿ ಉರುಳುತ್ತದೆ, ಆಗ ಗಾಳಿಯ ಮೇಲೆ ತಪ್ಪು ಹೊರಿಸಲಾಗುತ್ತದೆ. 1976ರ ಕಾಯ್ದೆಯ ಅನುಮತಿಯನ್ನು ಇಲ್ಲಿ ಯಾರೂ ಕೇಳಬೇಕಾಗಿಯೇ ಬರುವುದಿಲ್ಲ.

ಮಳೆಯ ಲೆಕ್ಕವನ್ನೂ ನೋಡಬೇಕು. ಬೆಳಗಾವಿಗೆ ವರ್ಷಕ್ಕೆ 1,200 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದು ಎಕರೆಯ ಮೇಲೆ 100 ಮಿಲಿಮೀಟರ್ ಬಿದ್ದರೆ 4 ಲಕ್ಷ ಲೀಟರ್ ನೀರು. ಹುಲ್ಲೂ ಎಲೆಗೊಬ್ಬರವೂ ಇರುವ ಕೆಂಪು ನೆಲ ಇದರಲ್ಲಿ ಬಹಳಷ್ಟನ್ನು ಕುಡಿಯುತ್ತದೆ. ಹಾಸುಗಲ್ಲು ಹೊದ್ದ ನೆಲ ಗಟಾರಕ್ಕೆ ಬಿಡುತ್ತದೆ. ನಮ್ಮ ಊರಿನ ಬಳ್ಳಾರಿ ನಾಲಾ ಎಂಬ ಹಳ್ಳ ಉಕ್ಕಿದಾಗ ಶಹಾಪುರ, ವಡಗಾವಿ ಸುತ್ತಿನ ಹೊಲಗಳಲ್ಲಿ ಬಾಸುಮತಿ ಭತ್ತ ದಿನಗಟ್ಟಲೆ ನೀರಿನಲ್ಲಿ ನಿಲ್ಲುವುದನ್ನು ಆ ಭಾಗದವರು ನನಗಿಂತ ಚೆನ್ನಾಗಿ ಬಲ್ಲರು. ನಗರದಲ್ಲಿ ಮುಚ್ಚುವ ಪ್ರತಿ ಎಕರೆಯೂ ಆ ನೀರಿಗೆ ನೀರು ಸೇರಿಸುತ್ತದೆ.

ಶಹಾಪುರ, ಖಾಸಬಾಗದವರಿಗೆ ಉದ್ಯಾನ ಬೇಕು ಎಂಬ ಮಾತು ಕೇಳಿಬರುತ್ತದೆ. ಹಾಗಿದ್ದರೆ ಅವರ ಓಣಿಗಳ ಸಮೀಪದಲ್ಲಿಯೇ ಚಿಕ್ಕ ಚಿಕ್ಕ ಉದ್ಯಾನಗಳನ್ನು ಪಾಲಿಕೆ ಮಾಡಲಿ. ದಿನವೂ ಟಿಳಕವಾಡಿಗೆ ಬಂದು ಹೋಗುವ ಪುರಸೊತ್ತು ದುಡಿಯುವವರಿಗೆ ಇರಲಾರದು. ದೊಡ್ಡ ಉದ್ಯಾನ ಎಂದೊಡನೆ ಸಂಗೀತ ಕಾರಂಜಿ, ಬಣ್ಣದ ದೀಪ, ಪುಟಾಣಿ ರೈಲು, ಸೆಲ್ಫಿಗೆಂದು ಊರಿನ ಹೆಸರಿನ ದೊಡ್ಡ ಅಕ್ಷರಗಳು, ಇವನ್ನೆಲ್ಲ ನಡೆಸಲು ಟಿಕೆಟ್ ಎಂಬ ಕ್ರಮ ಈಗ ರೂಢಿಯಾಗಿದೆ. ಕಾನೂನಿನ ರಕ್ಷಣೆಯೇ ಗುರಿಯಾದರೆ, 1985ರ ಕಾಯ್ದೆ ಉದ್ಯಾನದಷ್ಟೇ ಬಯಲು ಜಾಗಕ್ಕೂ ಅನ್ವಯಿಸುತ್ತದೆ. ಬಯಲನ್ನು ಬಯಲೆಂದೇ ಪಟ್ಟಿಗೆ ಸೇರಿಸಿದರಾಯಿತು.

ನಿರ್ವಹಣೆಯ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ಕಾಮಗಾರಿಗೆ ಅನುದಾನ ಬರುತ್ತದೆ, ಮಾಲಿಯ ಸಂಬಳಕ್ಕೆ ಬರುವುದು ಕಷ್ಟ; ಇದು ರಾಜ್ಯದ ಎಲ್ಲ ಊರುಗಳ ಅನುಭವ.

ರಸ್ತೆಯ ಅಂಚಿನಲ್ಲಿ ಒಂದು ಶೌಚಾಲಯ, ಮಣ್ಣಿನ ಹಾದಿಯ ಪಕ್ಕದಲ್ಲಿ ಅಲ್ಲಲ್ಲಿ ಕಲ್ಲಿನ ಬೆಂಚು, ಇವಿಷ್ಟಕ್ಕೆ ನನ್ನ ಆಕ್ಷೇಪವಿಲ್ಲ. ಇವುಗಳಿಗೆ ಉದ್ಯಾನವೆಂಬ ಯೋಜನೆಯ ಅಗತ್ಯವೂ ಇಲ್ಲ. ಅದಕ್ಕೂ ಮೀರಿ ಏನನ್ನಾದರೂ ಮಾಡಲೇಬೇಕೆಂದಾದರೆ, ವಿಸ್ತೃತ ಯೋಜನಾ ವರದಿಗೆ ಮೊದಲು ಪ್ರತಿಯೊಂದು ಮರಕ್ಕೂ ಸಂಖ್ಯೆ ಕೊಟ್ಟು, ಅದರ ಬೇರಿನ ವಲಯವನ್ನು ನಕ್ಷೆಯಲ್ಲಿ ಗುರುತಿಸಿ, ಆ ವಲಯದೊಳಗೆ ಯಂತ್ರ ಇಳಿಸಿದ ಗುತ್ತಿಗೆದಾರನ ಬಿಲ್ಲನ್ನು ತಡೆಹಿಡಿಯುವ ಷರತ್ತನ್ನು ಟೆಂಡರಿನಲ್ಲಿಯೇ ಬರೆಯಬೇಕು.