ಉಪ್ಪಿನ ಕಡಲ ಮುಂದೆ ಉಪ್ಪಿನ ಮೂಟೆ

ಸಮುದ್ರದ ಪಕ್ಕದ ಊರಲ್ಲಿ ಹಿಮ ಬೀಳುತ್ತದೆ ಎಂದರೆ ನಮ್ಮ ಕುಮಟಾದಲ್ಲಿ ಈಗಲೂ ಯಾರೂ ಪೂರ್ತಿ ನಂಬುವುದಿಲ್ಲ. ಸಮುದ್ರ ಅಂದರೆ ಸೆಕೆ, ಬೆವರು. ಹಿಮ ಏನಿದ್ದರೂ ಹಿಮಾಲಯದ ಬಾಬ್ತು. ಆದರೆ ನಾವೀಗ ಇರುವ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗ್ಲಾಸ್ಟರ್‌ನಲ್ಲಿ ಎರಡೂ ಉಂಟು. ಬಾಸ್ಟನ್‌ನಿಂದ ಈಶಾನ್ಯಕ್ಕೆ ಇರುವ ಇದು 1623ರಿಂದಲೂ ಮೀನುಗಾರರ ಊರು. ಬಂದರಿನ ಎದುರು ಚುಕ್ಕಾಣಿ ಹಿಡಿದು ನಿಂತ ಮೀನುಗಾರನ ಕಂಚಿನ ಪ್ರತಿಮೆಯಿದೆ. ಮಳೆಕೋಟು, ಅಗಲ ಟೋಪಿ ಎಲ್ಲ ಹಾಕಿಕೊಂಡೇ ನಿಂತಿದ್ದಾನೆ. ಇಡೀ ಊರಲ್ಲಿ ಚಳಿಗಾಲಕ್ಕೆ ಸರಿಯಾಗಿ ತಯಾರಾಗಿರುವವನು ಅವನೊಬ್ಬನೇ ಅಂತ ನನ್ನ ಅನುಮಾನ.

ತಯಾರಿಯ ಮೊದಲ ಪಾಠ, ತೋಟದ ನಲ್ಲಿಯಿಂದ ಪೈಪು ಬಿಚ್ಚಿಡುವುದು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಪೈಪಿನಲ್ಲಿ ನೀರು ಉಳಿದರೆ ಗೋಡೆಯೊಳಗಿನ ಕೊಳವೆ ಒಡೆಯುತ್ತದೆ. ಬಿಚ್ಚಿದರಾಯಿತು, ಅಲ್ವಾ? ಆಗಲಿಲ್ಲ. ನಲ್ಲಿ ಹಿತ್ತಾಳೆಯದು, ಪೈಪಿನ ತಲೆ ಅಲ್ಯೂಮಿನಿಯಂ. ಇವೆರಡರ ಮಧ್ಯೆ ಉಪ್ಪುಗಾಳಿ ಸೇರಿದರೆ ಜನ್ಮದ ನಂಟು. ಮನೆಯವರು ಸ್ಪ್ಯಾನರ್ ಹಾಕಿ, ಶ್ವಾಸ ಹಿಡಿದು, ದೇವರ ಹೆಸರು ಹೇಳಿ ತಿರುಗಿಸಿದರು. ಪೈಪು ಬರಲಿಲ್ಲ. ನಲ್ಲಿಯೇ ಬಂತು. ನವೆಂಬರ್ ತಿಂಗಳ ನೀರು ನೇರ ಮುಖಕ್ಕೆ. ಒಳಗೆ ನೆಲಮಾಳಿಗೆಯಲ್ಲಿ ವಾಲ್ವ್ ಹುಡುಕುತ್ತಿದ್ದ ನನಗೆ ಹೊರಗಿನಿಂದ ಅಪ್ಪಟ ಕುಮಟಾ ಭಾಷೆ ಕೇಳಿಸಿತು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಅಷ್ಟು ಸ್ಪಷ್ಟ ಉಚ್ಚಾರ ಕೇಳಿರಲಿಲ್ಲ.

ಆಮೇಲೆ ಉಪ್ಪು. ಹುಟ್ಟಿದ್ದು ಸಾಣಿಕಟ್ಟೆಯ ಉಪ್ಪಿನ ಗದ್ದೆಗಳ ಹತ್ತಿರ. ಈಗ ಕಿಟಕಿ ತೆಗೆದರೆ ಅಟ್ಲಾಂಟಿಕ್ ಸಾಗರದ ತುಂಬ ಉಪ್ಪು. ಆದರೂ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಕಲ್ಲುಪ್ಪಿನ ಮೂಟೆ ತರಬೇಕು, ಮೆಟ್ಟಿಲ ಮಂಜುಗಡ್ಡೆ ಕರಗಿಸಲು. ಬಾಸ್ಟನ್ ಪಕ್ಕದ ಚೆಲ್ಸಿ ಬಂದರಿನಲ್ಲಿ ರಸ್ತೆಗೆ ಹಾಕುವ ಉಪ್ಪನ್ನು ಬೆಟ್ಟದೆತ್ತರ ಸುರಿದಿರುತ್ತಾರೆ. ಅದರಲ್ಲಿ ಎಷ್ಟೋ ಪಾಲು ಹಡಗು ಹತ್ತಿ ದಕ್ಷಿಣ ಅಮೆರಿಕದ ಚಿಲಿಯಿಂದ ಬಂದದ್ದು. ಊರು ಬಿಟ್ಟು ದೂರ ಬಂದವರು ನಾವೊಬ್ಬರೇ ಅಲ್ಲ ಅಂತ ಸಮಾಧಾನ. ನಮ್ಮ ಮೂಟೆ ಶೆಡ್ಡಿನಲ್ಲಿ ಕೂತು ಕಡಲಗಾಳಿಯ ತೇವವನ್ನೆಲ್ಲ ಕುಡಿಯಿತು. ಬೇಕಾದ ದಿನ ಕೈಹಾಕಿದರೆ ಒಳಗೆ ಒಂದೇ ಬಂಡೆ. ಕೊನೆಗೆ ಹುಳಿಪುಡಿ ಕುಟ್ಟುವ ಕಬ್ಬಿಣದ ಕುಟ್ಟಾಣಿ ತಂದು ಉಪ್ಪು ಕುಟ್ಟಿದೆವು. ಅಷ್ಟು ಮಾಡಿದರೂ ಉಷ್ಣತೆ ಮೈನಸ್ 9 ಡಿಗ್ರಿಗಿಂತ ಕೆಳಗೆ ಹೋದರೆ ಕಲ್ಲುಪ್ಪಿನ ಆಟ ನಡೆಯುವುದಿಲ್ಲ. ಪಕ್ಕದ ಮನೆಯ ಅಜ್ಜ ಲಾಬ್‌ಸ್ಟರ್ ಹಿಡಿದೇ ತಲೆ ನರೆಸಿಕೊಂಡವರು. ಅವರು ಈ ಗೋಜಿಗೇ ಹೋಗುವುದಿಲ್ಲ. ಒಲೆಯ ಬೂದಿ ಎರಚಿ ಒಳಗೆ ಹೋಗುತ್ತಾರೆ.

ಟೀವಿಯ ಹವಾಮಾನದವರದ್ದು ಇನ್ನೊಂದು ಕಥೆ. ಒಳನಾಡಿನವರಿಗೆ ಅವರು "ಹಿಮ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಮಗೆ ಹಾಗಿಲ್ಲ. ಡಿಸೆಂಬರಿನಲ್ಲೂ ಸಮುದ್ರದ ನೀರು ಸುಮಾರು 7 ಡಿಗ್ರಿ ಇರುತ್ತದೆ. ಈಶಾನ್ಯದ ಗಾಳಿ ಆ ಬಿಸಿಯನ್ನು ಹೊತ್ತು ತಂದರೆ ಹಿಮ ಮಳೆಯಾಗುತ್ತದೆ. ನಕಾಶೆಯಲ್ಲಿ ಮಳೆ ಮತ್ತು ಹಿಮದ ನಡುವಿನ ಗೆರೆ ಯಾವಾಗಲೂ ನಮ್ಮ ಅಡುಗೆಮನೆಯ ಮೇಲೆಯೇ ಹಾದುಹೋಗುತ್ತದೆ. ಮುನ್ಸೂಚನೆ ಬಂದ ಕೂಡಲೇ ಊರವರೆಲ್ಲ ಹಾಲು, ಬ್ರೆಡ್, ಮೊಟ್ಟೆಗೆ ಮುಗಿಬೀಳುತ್ತಾರೆ. ನಾವು ಮೊಸರು ಮತ್ತು ಕೊತ್ತಂಬರಿ ಸೊಪ್ಪಿಗೆ. ಪ್ರಳಯ ಬಂದರೂ ಸಾರಿಗೆ ಕೊತ್ತಂಬರಿ ಬೇಡವಾ?

ಕಳೆದ ಜನವರಿಯಲ್ಲಿ ಬಂದ ಬಿರುಗಾಳಿ ಹಿಮ, ಮಳೆ, ಮಂಜುಗಡ್ಡೆ ಮೂರನ್ನೂ ಒಟ್ಟಿಗೆ ತಂದಿತು. ಸಂಜೆ ಹಿಮ. ಮಧ್ಯರಾತ್ರಿ ಮಳೆ. ಹಿಮ ಆ ಮಳೆಯನ್ನೆಲ್ಲ ಹೀರಿಕೊಂಡು ತೂಕ ಏರಿಸಿಕೊಂಡಿತು. ಬೆಳಗಿನ ಜಾವ ಗಾಳಿ ವಾಯುವ್ಯಕ್ಕೆ ತಿರುಗಿತು, ಎಲ್ಲ ಗಟ್ಟಿ. ಮುಂಬಾಗಿಲು ಹೊರಗೆ ತೆರೆಯುವಂಥದ್ದು, ತೆರೆಯಲಿಲ್ಲ. ಕಿಟಕಿಯಿಂದ ಇಳಿದವರು ಮನೆಯವರು. ಇಳಿದ ಕೂಡಲೇ ಅವರಿಗೆ ನಾನು ಹೇಳಿದ್ದು ಬಾಗಿಲ ವಿಷಯವಲ್ಲ, ಪಕ್ಕದ ಗೋಡೆಯಲ್ಲಿರುವ ಹೀಟರಿನ ಹೊಗೆಕೊಳವೆ. ಇದರಲ್ಲಿ ಮಾತ್ರ ತಮಾಷೆ ಇಲ್ಲ. ಹಿಮ ಅದರ ಬಾಯಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೇ ತುಂಬುತ್ತದೆ. 2005ರ ಜನವರಿಯಲ್ಲಿ ಇದೇ ರಾಜ್ಯದಲ್ಲಿ ಒಬ್ಬ ಪುಟ್ಟ ಹುಡುಗಿ ಹಾಗೆ ತೀರಿಕೊಂಡಳು. ಆಮೇಲೆ ಮನೆಗಳಲ್ಲಿ ಅದರ ಅಲಾರಂ ಇರಲೇಬೇಕು ಎಂಬ ಕಾನೂನು ಬಂತು. ಕೈಗೆ ಸಿಕ್ಕಿದ ದೋಸೆ ಸಟ್ಟುಗದಲ್ಲೇ ಕೊಳವೆಯ ಬಾಯಿ ಬಿಡಿಸಿದರು. ಸಲಿಕೆ ಶೆಡ್ಡಿನಲ್ಲಿತ್ತು. ಶೆಡ್ಡಿನ ಬಾಗಿಲೂ ಹೊರಗೇ ತೆರೆಯುವಂಥದ್ದು.

ಮಧ್ಯಾಹ್ನದ ಹೊತ್ತಿಗೆ ಕಾರಿನ ದಾರಿ ಬಿಡಿಸಿದೆವು. ಸೊಂಟ ನೆಟ್ಟಗೆ ಮಾಡಿ ನಿಲ್ಲುವಷ್ಟರಲ್ಲಿ ರಸ್ತೆ ಗುಡಿಸುವ ಲಾರಿ ಬಂತು. ರಸ್ತೆಯ ಹಿಮವನ್ನೆಲ್ಲ ಒತ್ತಿ, ನಮ್ಮ ಗೇಟಿನ ಬಾಯಿಗೆ ಅಚ್ಚುಕಟ್ಟಾಗಿ ಇಟ್ಟು ಹೋಯಿತು. ಚಾಲಕ ಕೈ ಬೀಸಿದ. ಒಳ್ಳೆಯ ಮನುಷ್ಯ, ಪಾಪ.

ಅಷ್ಟರಲ್ಲಿ ಮಾಡಿನ ಸರದಿ. ಹಳೆಯ ಮನೆ, ಅಟ್ಟದಲ್ಲಿ ಬಿಸಿ ಸೋರುತ್ತದೆ. ಮೇಲಿನ ಹಿಮ ಕರಗಿ ಸೂರಿನ ಅಂಚಿಗೆ ಇಳಿಯುತ್ತದೆ. ಅಂಚು ತಣ್ಣಗಿರುವುದರಿಂದ ಅಲ್ಲಿ ಮತ್ತೆ ಗಡ್ಡೆಯಾಗಿ ಅಣೆಕಟ್ಟು ಕಟ್ಟುತ್ತದೆ. ಹಿಂದೆ ನಿಂತ ನೀರು ಹೊದಿಕೆಯ ಕೆಳಗೆ ನುಸುಳಿ ಮನೆಯೊಳಗೆ ಬರುತ್ತದೆ. ಇದನ್ನು ತಡೆಯಲು ಉದ್ದ ಹಿಡಿಯ ಕುಂಟೆ ಸಿಗುತ್ತದೆ. ನೆಲದ ಮೇಲೆ ನಿಂತು ಮಾಡಿನ ಹಿಮ ಎಳೆಯಬೇಕು. ಎಳೆದ ಹಿಮ ಎಳೆದವರ ಮೇಲೆಯೇ ಬೀಳುತ್ತದೆ ಎಂಬುದನ್ನು ಡಬ್ಬದ ಮೇಲಿನ ಚಿತ್ರದಲ್ಲಿ ತೋರಿಸಿರಲಿಲ್ಲ. ಚಿತ್ರದ ಮನುಷ್ಯ ನಗುತ್ತಿದ್ದ.

ರಾತ್ರಿ ಹಾಲ್‌ನಲ್ಲಿ ಟಪ್ ಟಪ್ ಶುರುವಾಯಿತು. ಬಾಣಲೆ ಇಟ್ಟೆ. ಅದೇ ಹೊತ್ತಿಗೆ ಅಮ್ಮನ ವಿಡಿಯೋ ಕಾಲ್. ಏನೂ ಹೇಳದಿದ್ದರೂ ಸದ್ದು ಕೇಳಿಸಿತು. ಆಕೆಗೆ ಈ ಸದ್ದಿನ ಪರಿಚಯ ಜಾಸ್ತಿ.

"ಮೃಗಶಿರಕ್ಕೆ ಮುಂಚೆ ಹಂಚು ಕೈಯಾಡಿಸಬೇಕು ಅಂತ ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅಷ್ಟು ಡಾಲರ್ ಸುರಿದು ಸೋರೋ ಮನೆ ತಗೊಂಡ್ರಾ?"

ಅಟ್ಟದ ಬಿಸಿ ಸೋರದಂತೆ ಹೊದಿಕೆ ಹಾಕುವವರನ್ನು ಕರೆದಿದ್ದೇವೆ, ಏಪ್ರಿಲ್‌ಗೆ ಬರುತ್ತಾರೆ ಎಂದೆ.

"ಹಿಮ ಯಾವಾಗ ಮುಗಿಯುತ್ತೆ?"

ಮನೆಯವರು ಒದ್ದೆ ಕಾಲುಚೀಲ ಹಿಂಡುತ್ತಾ, "ಏಪ್ರಿಲ್‌ಗೆ ಅತ್ತೆ" ಎಂದರು. ಆಮೇಲೆ ನೆಟ್‌ವರ್ಕ್ ಸರಿಯಿಲ್ಲ ಅಂತ ಫೋನು ಇಟ್ಟೇಬಿಟ್ಟರು.