ಸ್ಪೇಸ್ ಬಾರ್ ಕೆಟ್ಟಿಲ್ಲಮ್ಮ

"ಸರ್, ಈ ಲ್ಯಾಪ್‌ಟಾಪ್ ಸ್ಪೇಸ್ ಬಾರ್ ಕೆಟ್ಟುಹೋಗಿದೆ ಅನ್ಸುತ್ತೆ. ಒಂದು ಸಲ ಒತ್ತಿದ್ರೆ ಬರುತ್ತೆ, ಎರಡನೇ ಸಲ ಬರಲ್ಲ."

ಎಂಎಸ್ಸಿ ಪ್ರಾಜೆಕ್ಟ್ ಟೈಪ್ ಮಾಡುತ್ತಿದ್ದ ಹುಡುಗಿ ಹೀಗಂದಾಗ ನನಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಲಿಕ್ಸ್ (LyX) ಅನ್ನುವ, ಥೀಸಿಸ್ ಪುಸ್ತಕ ಬರೆಯೋಕೆ ಬಳಸುವ ಸಾಫ್ಟ್‌ವೇರ್ ಹಾಕಿಕೊಟ್ಟು ಹತ್ತು ನಿಮಿಷ ಆಗಿತ್ತು ಅಷ್ಟೆ. "ಕೆಟ್ಟಿಲ್ಲಮ್ಮ, ಪರದೆಯ ತಳದಲ್ಲಿ ಏನಿದೆ ಓದು" ಅಂದೆ. ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಇಂಗ್ಲಿಷ್ ಸಾಲು. ಹೀಗೆ ಎರಡು ಸ್ಪೇಸ್ ಹಾಕೋಕಾಗಲ್ಲ, ದಯವಿಟ್ಟು ಟ್ಯುಟೋರಿಯಲ್ ಓದಿ ಅಂತ.

ಅವಳು ಮಾಡಹೊರಟಿದ್ದು ನಾವೆಲ್ಲ ಮಾಡುವುದನ್ನೇ. ಅಧ್ಯಾಯದ ಹೆಸರನ್ನು ಸ್ಪೇಸ್ ಒತ್ತಿ ಒತ್ತಿ ಹಾಳೆಯ ನಡುವಿಗೆ ತಳ್ಳುವುದು. ಲಿಕ್ಸ್ ಅದಕ್ಕೆ ಬಿಡುವುದಿಲ್ಲ. ಎಂಟರ್ ಎರಡು ಸಲ ಒತ್ತಿದರೂ ಖಾಲಿ ಸಾಲು ಬರುವುದಿಲ್ಲ. ಮೇಲಿನ ಪಟ್ಟಿಯಲ್ಲಿ ಇದು ಚಾಪ್ಟರ್ ಅಂತ ಆರಿಸಬೇಕು. ದಪ್ಪ ಎಷ್ಟು, ನಡುವಲ್ಲೋ ಎಡಕ್ಕೋ, ಮೇಲೆ ಎಷ್ಟು ಜಾಗ ಅನ್ನುವುದೆಲ್ಲ ಅದರ ತಲೆನೋವು. ಇದು ಏನು ಅಂತ ಹೇಳುವುದಷ್ಟೇ ನಿಮ್ಮ ಕೆಲಸ.

ನನಗೆ ಈ ಬುದ್ಧಿ ಬಂದಿದ್ದು ಪಿಎಚ್‌ಡಿ ಮುಗಿದ ಮೇಲೆ. ಥೀಸಿಸ್ ಪೂರ್ತಿ ಮಾಮೂಲಿ ವರ್ಡ್ ಪ್ರೊಸೆಸರ್‌ನಲ್ಲಿ ಟೈಪ್ ಮಾಡಿದ್ದೆ. ಬೈಂಡಿಂಗಿಗೆ ಕೊಡುವ ಹಿಂದಿನ ದಿನ ಗೈಡ್ ಮೂರನೇ ಅಧ್ಯಾಯದಲ್ಲಿ ಒಂದು ಸಮೀಕರಣ ಸೇರಿಸು ಅಂದರು. ಒಂದೇ ಒಂದು. ಆದರೆ 3.7 ಇದ್ದಿದ್ದು 3.8 ಆಯಿತು, 3.8 ಇದ್ದಿದ್ದು 3.9. ಪಠ್ಯದ ಒಳಗೆ "3.12ರಲ್ಲಿ ನೋಡಿದಂತೆ" ಅಂತ ಬರೆದಿದ್ದನ್ನೆಲ್ಲ ರಾತ್ರಿ ಎರಡರವರೆಗೆ ಕೂತು ಹುಡುಕಿ ತಿದ್ದಿದೆ. ಎರಡು ತಪ್ಪಿಹೋದವು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಆ ಎರಡನ್ನೇ ಹಿಡಿದುಕೊಂಡರು!

ತಪ್ಪು ಸಾಫ್ಟ್‌ವೇರ್‌ದಲ್ಲ ಬಿಡಿ. ಅದರಲ್ಲೂ ತಾನಾಗಿ ನಂಬರ್ ಹಾಕಿಸಿಕೊಳ್ಳುವ ದಾರಿ ಇದೆ. ಆದರೆ ಕೈಯಲ್ಲಿ ಹಾಕೋಕೂ ಬಿಡುತ್ತದೆ. ಬಿಟ್ಟರೆ ನಾವು ಮಾಡದೆ ಇರುತ್ತೇವಾ? ಲಿಕ್ಸ್‌ನಲ್ಲಿ ಸಮೀಕರಣಕ್ಕೆ ಒಂದು ಲೇಬಲ್ ಕೊಟ್ಟು, ಬೇಕಾದಲ್ಲಿ ಆ ಲೇಬಲ್ಲನ್ನು ಕರೆದರೆ ಮುಗಿಯಿತು. ನಡುವೆ ಇಪ್ಪತ್ತು ಸಮೀಕರಣ ತುರುಕಿದರೂ ನಂಬರ್ ಸರಿಯಾಗೇ ಇರುತ್ತದೆ.

ಗಣಿತ ಟೈಪ್ ಮಾಡುವ ಸುಖ ಬೇರೆಯೇ. ಕಂಟ್ರೋಲ್ ಎಂ ಒತ್ತಿದರೆ ಒಂದು ಪುಟ್ಟ ಚೌಕ ತೆರೆಯುತ್ತದೆ. ಬ್ಯಾಕ್‌ಸ್ಲ್ಯಾಷ್ ಹಾಕಿ ಆಲ್ಫಾ ಅಂತ ಇಂಗ್ಲಿಷಿನಲ್ಲಿ ಬರೆದು ಸ್ಪೇಸ್ ಕೊಟ್ಟರೆ ಕಣ್ಣೆದುರೇ ಅದು α ಆಗುತ್ತದೆ. ಅಂಡರ್‌ಸ್ಕೋರ್ ಒತ್ತಿದರೆ ಕರ್ಸರ್ ಕೆಳಗಿಳಿದು ಸಣ್ಣದಾಗುತ್ತದೆ, ಸ್ಪೇಸ್ ಒತ್ತಿದರೆ ಮತ್ತೆ ಮೇಲೆ ಬರುತ್ತದೆ. ಮೌಸ್ ಮುಟ್ಟುವ ಹಾಗೇ ಇಲ್ಲ. ಎರಡು ವಾರ ಬೈದುಕೊಳ್ಳುತ್ತೀರಿ, ಆಮೇಲೆ ಬೆರಳು ತಾನಾಗಿ ಓಡುತ್ತದೆ.

ಲಿಕ್ಸ್‌ನ ಕೆಳಗೆ ಕೂತು ನಿಜವಾಗಿ ಪುಟ ಕಟ್ಟುವುದು ಲೇಟೆಕ್ (LaTeX) ಅನ್ನುವ ಸಾಫ್ಟ್‌ವೇರ್, ಅದರ ಕೆಳಗೆ ಟೆಕ್ (TeX). ಟೆಕ್ ಹುಟ್ಟಿದ್ದೇ ಒಬ್ಬ ಲೇಖಕರ ಸಿಟ್ಟಿನಿಂದ. 1977ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ ಪುಸ್ತಕದ ಎರಡನೇ ಆವೃತ್ತಿಯ ಪ್ರೂಫ್ ನೋಡಿದರು. ಮೊದಲ ಆವೃತ್ತಿಯನ್ನು ಸೀಸದ ಅಕ್ಷರದಲ್ಲಿ ಜೋಡಿಸಿದ್ದರು, ಈ ಸಲ ಹೊಸ ಫೋಟೋ ವಿಧಾನ. ಅಕ್ಷರಗಳು ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. ನಾನೇ ಮಾಡ್ತೀನಿ ಅಂತ ಕೂತರು. ಬೇಗ ಮುಗಿದೀತು ಅಂದುಕೊಂಡಿದ್ದ ಕೆಲಸ ಹತ್ತು ವರ್ಷ ಹಿಡಿಯಿತು. ಟೆಕ್‌ನ ಆವೃತ್ತಿ ಸಂಖ್ಯೆ ಪ್ರತಿ ಸಲವೂ ಪೈ ಬೆಲೆಗೆ ಒಂದೊಂದು ಅಂಕಿ ಹತ್ತಿರವಾಗುತ್ತದೆ, ಈಗ 3.141592653. ಇಂಥ ಹುಚ್ಚು ನನಗೆ ಬಹಳ ಇಷ್ಟ. ಇನ್ನೊಬ್ಬ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಇದರ ಮೇಲೆ ಲೇಟೆಕ್ ಕಟ್ಟಿದರು. 1995ರಲ್ಲಿ ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್ ಲಿಕ್ಸ್ ಶುರು ಮಾಡಿದ. ಮರುವರ್ಷ ಲಿನಕ್ಸ್‌ನಲ್ಲಿ ಬಳಸುವ ಕೆಡಿಇ ಡೆಸ್ಕ್‌ಟಾಪ್ ಶುರು ಮಾಡಿದ್ದೂ ಅವನೇ.

ಕನ್ನಡ ಬರುತ್ತಾ ಅಂತ ಕೇಳುತ್ತೀರಿ. ಬರುತ್ತೆ, ಆದರೆ ಸುಮ್ನೆ ಬರಲ್ಲ. ಇದ್ದ ಹಾಗೇ ಟೈಪ್ ಮಾಡಿ ಪಿಡಿಎಫ್ ತೆಗೆಯಹೋದರೆ ಎರರ್‌ಗಳ ಸಾಲೇ ಬರುತ್ತದೆ. ಸೆಟ್ಟಿಂಗ್ಸ್‌ನ ಫಾಂಟ್ ಪುಟದಲ್ಲಿ "ನಾನ್-ಟೆಕ್ ಫಾಂಟ್" ಅನ್ನುವುದಕ್ಕೆ ಟಿಕ್ ಹಾಕಿ, ನೋಟೊ ಸೆರಿಫ್ ಕನ್ನಡದಂಥ ಯೂನಿಕೋಡ್ ಫಾಂಟ್ ಆರಿಸಿ, ಯೂನಿಕೋಡ್ ಅರ್ಥವಾಗುವ ಟೆಕ್ ಆದ ಝೀಟೆಕ್ (XeTeX) ಮೂಲಕ ಪಿಡಿಎಫ್ ತೆಗೆಯಬೇಕು. ಒತ್ತಕ್ಷರ ಸರಿಯಾಗಿ ಕೂರುತ್ತದೆ. ನುಡಿ ತಂತ್ರಾಂಶದ ಹಳೇ ಆಸ್ಕಿ ಫೈಲ್ ಇದ್ದರೆ ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ.

ಇನ್ನೊಂದು ಮಜಾ ಇದೆ. ಇಂಗ್ಲಿಷಿನಲ್ಲಿ ಒತ್ತಿ ಹೇಳಬೇಕಾದ ಪದವನ್ನು ವಾಲಿಸುತ್ತಾರೆ. ಲಿಕ್ಸ್‌ನಲ್ಲಿ ಕಂಟ್ರೋಲ್ ಇ ಒತ್ತಿದರೆ ಆ ಕೆಲಸ ಆಗುತ್ತದೆ. ಕನ್ನಡ ಪದಕ್ಕೆ ಅದನ್ನೇ ಹಾಕಿದೆ, ಪಿಡಿಎಫ್‌ನಲ್ಲಿ ಏನೂ ಬದಲಾಗಲಿಲ್ಲ. ಆ ಫಾಂಟಿನಲ್ಲಿ ವಾಲುವ ಅಕ್ಷರವೇ ಇಲ್ಲ. ಆದರೂ ಕೆಲಸ ಕೆಡಲಿಲ್ಲ. ನಾನು ಹೇಳಿದ್ದು "ಇದನ್ನು ವಾಲಿಸು" ಅಂತ ಅಲ್ಲ, "ಇದಕ್ಕೆ ಒತ್ತು" ಅಂತ. ಇಡೀ ಕಡತಕ್ಕೆ ಅನ್ವಯಿಸುವ ಲೇಟೆಕ್ ಸೂಚನೆ ಬರೆಯುವ ಜಾಗ, ಅಂದರೆ ಪ್ರಿಯಾಂಬಲ್‌ನಲ್ಲಿ ಒಂದು ಸಾಲು ಬರೆದೆ, ಒತ್ತು ಕೊಟ್ಟ ಪದಗಳೆಲ್ಲ ದಪ್ಪಕ್ಷರ ಆದವು.

ಕಿರಿಕಿರಿಯೂ ಇದೆ. ಟೇಬಲ್ ಮಾಡುವುದು ಹಿಂಸೆ. ಚಿತ್ರ ಇಟ್ಟ ಕಡೆ ಇರದೆ ಎರಡು ಪುಟ ಆಚೆ ಹೋಗಿ ಕೂರುತ್ತದೆ. ಗೈಡ್‌ಗೆ ವರ್ಡ್ ಫೈಲೇ ಬೇಕು ಅಂದರೆ ಕಥೆ ಮುಗಿಯಿತು. ರಜೆ ಅರ್ಜಿ ಬರೆಯೋಕೆ ಇದನ್ನು ತೆರೆಯಲೇಬೇಡಿ.

ನಮ್ಮ ಸೋದರಮಾವ ಬಹಳ ವರ್ಷ ಪ್ರೆಸ್ಸಿನಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸುತ್ತಿದ್ದರು. ಆಗ ಬರೆಯುವವರು ಬರೆದು ಕೊಡುತ್ತಿದ್ದರು, ಜೋಡಿಸುವುದು ಇವರ ಪಾಲು. ಕಂಪ್ಯೂಟರ್ ಬಂದು ಎಲ್ಲರ ಮುಂದೆಯೂ ಒಂದೊಂದು ಮೊಳೆ ಪೆಟ್ಟಿಗೆ ಇಟ್ಟಿತು, ಜೋಡಿಸುವುದನ್ನು ಯಾರೂ ಕಲಿಸಲಿಲ್ಲ. ಹಾಗಾಗಿ ಮಾಮನ ಜಾಗಕ್ಕೆ ಮತ್ತೆ ಯಾರಾದರೂ ಬರಲಿ ಅಂತಲೇ ನಾನು ಹುಡುಗರಿಗೆ ಲಿಕ್ಸ್ ಹಾಕಿಕೊಡುವುದು.

ನನ್ನ ಕನ್ನಡ ಭೌತಶಾಸ್ತ್ರದ ನೋಟ್ಸನ್ನು ಪ್ರಿಂಟ್ ತೆಗೆದು ಹೆಮ್ಮೆಯಿಂದ ಮಾಮನಿಗೆ ತೋರಿಸಿದೆ. ಅವರು ಓದಲೇ ಇಲ್ಲ. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, "ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗ್ತಾ ಇದೆಯಲ್ಲೋ. ನಡುವೆ ಲೆಡ್ ಹಾಕಿಲ್ವಾ?" ಅಂದರು. ಮೊಳೆ ಜೋಡಿಸುವಾಗ ಎರಡು ಸಾಲಿನ ನಡುವೆ ಜಾಗ ಬಿಡೋಕೆ ಇಡುತ್ತಿದ್ದ ಸೀಸದ ಪಟ್ಟಿ ಅದು.

ಸೆಟ್ಟಿಂಗ್ಸ್‌ಗೆ ಹೋಗಿ ಸಾಲಿನ ಅಂತರ 1 ಇದ್ದಿದ್ದನ್ನು 1.3 ಮಾಡಿದೆ. 140 ಪುಟ 180ರ ಹತ್ತಿರ ಹೋಯಿತು. "ಈಗ ಸರಿ" ಅಂದರು ಮಾಮ.