ಮಾಡ್ಯೂಲಿನ ಕೈಪಿಡಿಯನ್ನು ಬಳಸುವವರೇ ಬರೆಯಬೇಕು

ರಾಯಚೂರು, ಸಿಂಧನೂರು, ಗಂಗಾವತಿಯ ಕಡೆಯ ಹುಡುಗರು ವಿಸಿವಿ ರ‍್ಯಾಕ್ ಎಂಬ ನಾದ ಹುಟ್ಟಿಸುವ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ನನ್ನನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಸರ್, ಈ ತೂತಿಗೆ ಯಾವ ವೈರ್ ಹಚ್ಚಬೇಕ್ರಿ?" ಇದಕ್ಕಿಂತ ಸರಿಯಾದ ಪ್ರಶ್ನೆ ಇನ್ನೊಂದಿಲ್ಲ. ಒಂದು ಮಾಡ್ಯೂಲಿನ, ಅಂದರೆ ಆ ತಂತ್ರಾಂಶದ ಒಂದು ಬಿಡಿ ಘಟಕದ, ಕೈಪಿಡಿ ಮೊದಲು ಉತ್ತರಿಸಬೇಕಾದದ್ದು ಇದಕ್ಕೇ, ಮತ್ತು ಬಹಳಷ್ಟು ಕೈಪಿಡಿಗಳು ಉತ್ತರಿಸದೆ ಬಿಡುವುದೂ ಇದನ್ನೇ.

ಬಿಡಿ ಬಿಡಿ ಘಟಕಗಳನ್ನು ಕೇಬಲ್‌ಗಳಿಂದ ಜೋಡಿಸಿ ನಾದ ಹುಟ್ಟಿಸುವ ಮಾಡ್ಯುಲರ್ ಸಿಂಥಸೈಜರ್ ದುಬಾರಿ ಯಂತ್ರ. ಜರ್ಮನಿಯ ಡೋಪ್ಫರ್ ಕಂಪನಿ 1990ರ ದಶಕದ ನಡುವಿನಲ್ಲಿ ತಂದ ಯೂರೋರ‍್ಯಾಕ್ ಮಾದರಿಯನ್ನು ಕೊಳ್ಳುವ ಶಕ್ತಿ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. 2017ರಲ್ಲಿ ಆ್ಯಂಡ್ರ್ಯೂ ಬೆಲ್ಟ್ ಅವರು ಬಿಡುಗಡೆ ಮಾಡಿದ ರ‍್ಯಾಕ್ ಅದೇ ಯಂತ್ರವನ್ನು ಪರದೆಯ ಮೇಲೆ ಉಚಿತವಾಗಿ ಕೊಟ್ಟಿತು. ಅದರ ಭಂಡಾರದಲ್ಲಿ ಈಗ ಸಾವಿರಾರು ಮಾಡ್ಯೂಲುಗಳಿವೆ. ಅವನ್ನು ಬರೆದವರು ಬೇರೆ ಬೇರೆ ದೇಶಗಳ ಬೇರೆ ಬೇರೆ ಜನರಾದ್ದರಿಂದ ಕೈಪಿಡಿಗಳೂ ಹಾಗೆಯೇ ಇವೆ: ಕೆಲವು ಪುಟಗಟ್ಟಲೆ ವಿವರಿಸುತ್ತವೆ, ಕೆಲವು ಗುಂಡಿಗಳ ಹೆಸರನ್ನಷ್ಟೇ ಪಟ್ಟಿ ಮಾಡುತ್ತವೆ, ಕೆಲವಕ್ಕೆ ಕೈಪಿಡಿಯೇ ಇಲ್ಲ. ಇದಕ್ಕಾಗಿ ಮಾಡ್ಯೂಲು ಬರೆದವರನ್ನು ದೂರುವುದು ನನಗೆ ಒಪ್ಪಿಗೆಯಿಲ್ಲ. ಅವರಲ್ಲಿ ಎಷ್ಟೋ ಮಂದಿ ಬಿಡುವಿನ ವೇಳೆಯಲ್ಲಿ ದುಡಿದು ಉಚಿತವಾಗಿ ಹಂಚಿದವರು. ಉಳಿದ ಕೆಲಸ ನಮ್ಮದು.

ಆ ಕೆಲಸ ಹೇಗಿರಬೇಕೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ರ‍್ಯಾಕಿನಲ್ಲಿ ಪ್ರತಿಯೊಂದು ಕೇಬಲ್ಲೂ ಸಂಕೇತವನ್ನು ಒಂದು ಸ್ಯಾಂಪಲ್‌ನಷ್ಟು, ಅಂದರೆ ಸಾಮಾನ್ಯ ವೇಗದಲ್ಲಿ ಸೆಕೆಂಡಿನ 44,100ನೇ ಒಂದು ಭಾಗದಷ್ಟು, ತಡವಾಗಿ ಮುಟ್ಟಿಸುತ್ತದೆ. ಕಿವಿಗೆ ಇದು ತಿಳಿಯುವುದಿಲ್ಲ. ಆದರೆ 16 ಮಾತ್ರೆಯ ತೀನ್‌ತಾಲದ ಠೇಕಾವನ್ನು, ಮನೆಯಿಂದ ಮನೆಗೆ ಸಾಗುತ್ತ ನುಡಿಸುವ ಸೀಕ್ವೆನ್ಸರಿನಲ್ಲಿ ಕೂರಿಸಿದಾಗ, ಮೊದಲ ಮನೆಗೆ ಮರಳಿಸುವ ರೀಸೆಟ್ ಸಂಕೇತ ನೇರವಾಗಿ ಬಂದು, ಅದೇ ಕ್ಷಣ ಹೊರಟ, ಮುಂದಿನ ಮನೆಗೆ ದಾಟಿಸುವ ಕ್ಲಾಕ್ ಸಂಕೇತ ಮಧ್ಯೆ ಇನ್ನೊಂದು ಮಾಡ್ಯೂಲನ್ನು ಹಾದು ಬಂದರೆ, ಸೀಕ್ವೆನ್ಸರು ಮೊದಲ ಮನೆಗೆ ಮರಳಿದ ಕೂಡಲೇ ಎರಡನೆಯ ಮನೆಗೆ ಜಿಗಿಯುತ್ತದೆ, ತಾಳದ ಮೊದಲ ಪೆಟ್ಟಾದ ಸಮ್ ನುಂಗಿಹೋಗುತ್ತದೆ. ಇದಕ್ಕೆಂದೇ ರೀಸೆಟ್ ಬಂದ ನಂತರ 1 ಮಿಲಿಸೆಕೆಂಡಿನವರೆಗೆ ಬರುವ ಕ್ಲಾಕನ್ನು ಲೆಕ್ಕಿಸಬಾರದೆಂಬ ಸಲಹೆ ವಿಸಿವಿಯ ವೋಲ್ಟೇಜ್ ನಿಯಮಗಳಲ್ಲೇ ಇದೆ. ನಮ್ಮ ಮುಂದಿರುವ ಸೀಕ್ವೆನ್ಸರು ಅದನ್ನು ಪಾಲಿಸುತ್ತದೆಯೋ ಇಲ್ಲವೋ ಎಂಬ ಒಂದು ಸಾಲು ಕೈಪಿಡಿಯಲ್ಲಿದ್ದರೆ, ತಬಲಾ ಬಲ್ಲ ಹುಡುಗನೊಬ್ಬ ತನ್ನ ಲಯಜ್ಞಾನವನ್ನೇ ಅನುಮಾನಿಸುತ್ತ ರಾತ್ರಿಯಿಡೀ ಕೂರುವುದು ತಪ್ಪುತ್ತದೆ. ಅಂಥ ಸಾಲನ್ನು ಬರೆಯಬಲ್ಲವನು ಕೇಬಲ್ ಹಚ್ಚಿ, ಸಮ್ ತಪ್ಪಿದ್ದನ್ನು ಕೇಳಿದವನು.

ಶ್ರುತಿಯ ವಿಷಯದಲ್ಲಿ ನಮ್ಮವರ ಹೊಣೆ ಇನ್ನೂ ದೊಡ್ಡದು. ಪಂಡಿತ ಸಿದ್ಧರಾಮ ಜಂಬಲದಿನ್ನಿಯವರಂಥ ಗಾಯಕರನ್ನು ಕೊಟ್ಟ ಜಿಲ್ಲೆ ರಾಯಚೂರು. ಮಾನ್ವಿಯ ಜಗನ್ನಾಥದಾಸರ ಪದಗಳನ್ನು ಮನೆಮನೆಯಲ್ಲಿ ಹಾಡುವ ಸೀಮೆ ಇದು. ರ‍್ಯಾಕಿನಲ್ಲಿ ಶ್ರುತಿಯನ್ನು ಹೇಳುವ ಸಂಕೇತ ಒಂದು ವೋಲ್ಟ್ ಏರಿದರೆ ಒಂದು ಸಪ್ತಕ ಏರುತ್ತದೆ, ಮತ್ತು 0 ವೋಲ್ಟೆಂದರೆ 261.63 ಹರ್ಟ್ಜ್, ಅಂದರೆ ಹಾರ್ಮೋನಿಯಂನವರು ಹೇಳುವ ಬಿಳಿ ಒಂದು. ತಂಬೂರಿಯ ಜೋಡಿ ತಂತಿಗಳನ್ನು ಅಲ್ಲಿಟ್ಟರೆ ಮಂದ್ರ ಪಂಚಮಕ್ಕೆ ಮೈನಸ್ 0.415, ಖರಜಕ್ಕೆ ಮೈನಸ್ 1 ವೋಲ್ಟ್ ಬೇಕು. ಒಂದೇ ಕೇಬಲ್ಲು 16 ಚಾನೆಲ್‌ಗಳವರೆಗೆ ಹೊರಬಲ್ಲದಾದ್ದರಿಂದ ನಾಲ್ಕೂ ತಂತಿಗಳು ಅದರಲ್ಲೇ ಸಾಗುತ್ತವೆ. ಆದರೆ ಸಾಮಾನ್ಯ ಕ್ವಾಂಟೈಸರ್ ಮಾಡ್ಯೂಲು ಸಪ್ತಕವನ್ನು 12 ಸಮಪಾಲು ಮಾಡಿ ಗಾಂಧಾರವನ್ನು 0.333 ವೋಲ್ಟಿಗೆ ಎಳೆದು ನಿಲ್ಲಿಸುತ್ತದೆ. ತಂಬೂರಿಯ ಜೊತೆ ಕೂಡುವ ಗಾಂಧಾರ ಇರುವುದು 0.322ರಲ್ಲಿ. ಈ ಅಂತರ ಸುಮಾರು 14 ಸೆಂಟ್ (ಒಂದು ಸೆಂಟ್ ಎಂದರೆ ಸಪ್ತಕದ 1200ನೇ ಒಂದು ಭಾಗ). ಹಾಡುವವರ ಕಿವಿಗೆ ಅದು ಚುಚ್ಚುತ್ತದೆ. ಯಾವ ಕ್ವಾಂಟೈಸರಿಗೆ ನಮ್ಮದೇ ಸ್ವರಸ್ಥಾನಗಳನ್ನು ಕೊಡಬಹುದು, ಯಾವುದಕ್ಕೆ ಆಗದು ಎಂಬುದನ್ನು ಪಾಶ್ಚಾತ್ಯ ಸಂಗೀತದಲ್ಲಿ ಕೆಲಸ ಮಾಡುವವರು ಬರೆಯಲು ಮರೆತರೆ ಆಶ್ಚರ್ಯವಿಲ್ಲ. ಅವರಿಗೆ ಅದರ ಅಗತ್ಯ ಬಿದ್ದಿರಲಿಕ್ಕಿಲ್ಲ. ನಮಗೆ ದಿನವೂ ಬೀಳುತ್ತದೆ.

ಬರೆಯುವ ರೀತಿಗೆ ನಾನು ಮೆಚ್ಚುವ ಮಾದರಿ ಮಿಲ್ಲರ್ ಪಕೆಟ್ ಅವರ ಪ್ಯೂರ್ ಡೇಟಾ ಎಂಬ ಸಂಗೀತ ತಂತ್ರಾಂಶ. ಅಲ್ಲಿ ಯಾವುದೇ ಘಟಕದ ಮೇಲೆ ಮೌಸಿನ ಬಲಗುಂಡಿ ಒತ್ತಿ ಸಹಾಯ ಕೇಳಿದರೆ ತೆರೆಯುವುದು ಜೀವಂತ ಪ್ಯಾಚ್, ಅಂದರೆ ಘಟಕಗಳನ್ನು ಜೋಡಿಸಿಟ್ಟ ನುಡಿಯುವ ಜೋಡಣೆ. ಓದುತ್ತಲೇ ಅದನ್ನು ತಿರುಗಿಸಿ, ಕೇಳಿ, ನಕಲು ಮಾಡಿಕೊಳ್ಳಬಹುದು. ರ‍್ಯಾಕಿನ ಸಮುದಾಯದ ಕೈಪಿಡಿಯಲ್ಲೂ ಪ್ರತಿ ಮಾಡ್ಯೂಲಿಗೆ ಅಂಥದೊಂದು ಚಿಕ್ಕ ಪ್ಯಾಚ್ ಇರಲೇಬೇಕೆಂದು ನಾನು ಹಟ ಹಿಡಿಯುತ್ತೇನೆ. ಭಾಷೆ ತೊಡಕಾದ ಕಡೆಯಲ್ಲೂ ಪ್ಯಾಚ್ ಅರ್ಥವಾಗುತ್ತದೆ.

ನಾವು ಕೆಲವರು ಕನ್ನಡದಲ್ಲಿ ಈ ಕೆಲಸವನ್ನು ಶುರು ಮಾಡುತ್ತಿದ್ದೇವೆ. ರ‍್ಯಾಕಿನ ಜೊತೆಗೇ ಬರುವ ಫಂಡಮೆಂಟಲ್ ಗುಂಪಿನ ಮಾಡ್ಯೂಲುಗಳಿಂದಲೇ ಆರಂಭ, ಏಕೆಂದರೆ ಅವು ಎಲ್ಲರ ಲ್ಯಾಪ್‌ಟಾಪಿನಲ್ಲೂ ಇವೆ. ಪ್ರತಿ ಪುಟದಲ್ಲೂ ಯಾವ ಆವೃತ್ತಿಯಲ್ಲಿ ಪರೀಕ್ಷಿಸಿದ್ದೆಂದು ನಮೂದಿಸುತ್ತೇವೆ. ಬರೆದವರಲ್ಲದೆ ಇನ್ನೊಬ್ಬರು ಆ ಪ್ಯಾಚನ್ನು ತಮ್ಮ ಯಂತ್ರದಲ್ಲಿ ಕಟ್ಟಿ ನೋಡಿದ ಮೇಲಷ್ಟೇ ಪುಟ ಹೊರಬರುತ್ತದೆ. ಬರಹವೆಲ್ಲ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಇರುತ್ತದೆ, ನಾಳೆ ನಾವು ಕೈಬಿಟ್ಟರೂ ಬೇರೆಯವರು ಮುಂದುವರಿಸಬಹುದು. ಬಳ್ಳಾರಿ, ಕೊಪ್ಪಳದ ಕಡೆ ಹಾರ್ಮೋನಿಯಂ, ತಬಲಾ ನುಡಿಸುವವರು ಸೇರಿದರೆ ಬಹಳ ಉಪಕಾರ. ಕಂಪ್ಯೂಟರ್ ಬಲ್ಲವರು ನಮ್ಮಲ್ಲಿದ್ದಾರೆ, ಗಾಂಧಾರ ಸರಿಯಾಗಿ ನಿಂತಿದೆಯೇ ಎಂದು ಹೇಳಬಲ್ಲ ಕಿವಿಗಳು ಇನ್ನಷ್ಟು ಬೇಕಾಗಿವೆ.